ಮೊದಲು ಜೋಡಣೆಯೋ, ಮೊದಲು ಬಣ್ಣವೋ? ಸೈನ್ಸ್ ಫಿಕ್ಷನ್ ಮಿನಿಯೇಚರ್ ಸೇನೆಯ ಬಗ್ಗೆ ಒಂದು ಚರ್ಚೆ

ಕಿರುಸೇನಾನಿ

ಟೇಬಲ್‌ಟಾಪ್ ಯುದ್ಧದಾಟಕ್ಕಾಗಿ ಮಿನಿಯೇಚರುಗಳ, ಅಂದರೆ ಪುಟ್ಟ ಪ್ರತಿಮೆಗಳ, ಸಣ್ಣದೊಂದು ಸೇನೆಯನ್ನು ಕಟ್ಟಲು ಹೊರಟಿದ್ದೇನೆ. 28 ಮಿ.ಮೀ. ಅಳತೆಯ ಹತ್ತು ಪ್ಲಾಸ್ಟಿಕ್ ಸೈನಿಕರು, ಒಳಗೆ ಚಾಲಕ ಕುಳಿತಿರುವ ಎರಡು ಕಾಲಿನ ಯುದ್ಧಯಂತ್ರವೊಂದು, ರೆಸಿನ್ (ರಾಳ) ಎರಕದ ಸೇನಾನಾಯಕನೊಬ್ಬ, ಇಷ್ಟು ಸದ್ಯಕ್ಕೆ ನನ್ನ ಮೇಜಿನ ಮೇಲಿವೆ. ಎಲ್ಲವನ್ನೂ ಪೂರ್ತಿ ಜೋಡಿಸಿ ಆಮೇಲೆ ಬಣ್ಣ ಹಚ್ಚಬೇಕೆಂದು ಕೆಲವರು ಹೇಳುತ್ತಾರೆ. ಬಿಡಿಭಾಗಗಳಿಗೇ ಬಣ್ಣ ಹಚ್ಚಿ ಕೊನೆಯಲ್ಲಿ ಅಂಟಿಸಬೇಕೆಂದು ಇನ್ನು ಕೆಲವರು ಅಷ್ಟೇ ಖಚಿತವಾಗಿ ಹೇಳುತ್ತಾರೆ. ಸೈನಿಕರ ಬಂದೂಕು ಎದೆಗೆ ಅಡ್ಡವಾಗಿ ಬರುವುದರಿಂದ ಅದರ ಹಿಂದಿನ ಕವಚಕ್ಕೆ ಕುಂಚ ತಲುಪುವುದಿಲ್ಲ. ಯುದ್ಧಯಂತ್ರದ ಗಾಜಿನ ಮುಚ್ಚಳವನ್ನು ಅಂಟಿಸಿದರೆ ಚಾಲಕನ ಕಥೆ ಮುಗಿದಂತೆಯೇ. ನನ್ನ ಉದ್ದೇಶ ಆಟವೇ ಹೊರತು ಸ್ಪರ್ಧೆಯಲ್ಲ. ಅನುಭವವಿರುವವರು ಕಾರಣಸಹಿತವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಅಚ್ಚುಗೆರೆ

ಆಟಕ್ಕೆಂದಾದರೆ ಸೈನಿಕರನ್ನು ಪೂರ್ತಿ ಜೋಡಿಸಿಯೇ ಬಣ್ಣ ಹಚ್ಚಿ. ಮೇಜಿನ ಮೇಲಿರುವ ಮಿನಿಯೇಚರನ್ನು ನಾವು ನೋಡುವುದು ಒಂದು ತೋಳಿನಷ್ಟು ದೂರದಿಂದ, ಅದೂ ಮೇಲಿನಿಂದ ಕೆಳಕ್ಕೆ. ಆ ನೋಟಕ್ಕೆ ಬಂದೂಕಿನ ಹಿಂದಿನ ಎದೆಕವಚ ಒಂದು ನೆರಳು ಮಾತ್ರ, ಮತ್ತು ನೆರಳಿಗೆ ಬೇಕಾದದ್ದು ಗಾಢ ಬಣ್ಣದ ಒಂದು ಪದರವಷ್ಟೇ.

ಇದಕ್ಕಿಂತ ಮುಖ್ಯವಾದ ಕಾರಣ ಅಂಟಿನದು. ಬಿಡಿಭಾಗಗಳನ್ನು ಹಿಡಿದಿಟ್ಟ ಸ್ಪ್ರೂ ಚೌಕಟ್ಟಿನಲ್ಲಿ ಬರುವ ಪ್ಲಾಸ್ಟಿಕ್ ಪಾಲಿಸ್ಟೈರೀನ್ ಆಗಿರುತ್ತದೆ. ಅದಕ್ಕೆ ಬಳಸುವ ಪ್ಲಾಸ್ಟಿಕ್ ಸಿಮೆಂಟ್ ನಿಜವಾಗಿ ಅಂಟಲ್ಲ, ದ್ರಾವಕ. ಎರಡೂ ಮೈಗಳನ್ನು ಕರಗಿಸಿ ಒಂದರೊಳಗೊಂದು ಬೆರೆಸುತ್ತದೆ, ದ್ರಾವಕ ಆವಿಯಾದ ಮೇಲೆ ಅಲ್ಲಿ ಉಳಿಯುವುದು ಬೆಸುಗೆ. ನಡುವೆ ಪ್ರೈಮರ್ (ಬಣ್ಣಕ್ಕೆ ಮುನ್ನ ಬಳಿಯುವ ಅಡಿಪದರ) ಇದ್ದರೆ ಬೆಸುಗೆ ಕೂಡಿಕೊಳ್ಳುವುದಿಲ್ಲ. ಬಣ್ಣ ಹಚ್ಚಿದ ತೋಳನ್ನು ಆಮೇಲೆ ಅಂಟಿಸಿದವರ ಸೈನಿಕರು ಒಂದೆರಡು ಆಟಗಳಲ್ಲೇ ತೋಳು ಕಳೆದುಕೊಳ್ಳುವುದು ಇದರಿಂದ. ಜೊತೆಗೆ, ಪೂರ್ತಿ ಜೋಡಿಸಿದಾಗ ಮಾತ್ರ ಕೀಲಿನ ಬಿರುಕುಗಳು ಕಣ್ಣಿಗೆ ಬೀಳುತ್ತವೆ. ಸ್ಪ್ರೂ ತುಂಡುಗಳನ್ನೇ ಸಿಮೆಂಟಿನಲ್ಲಿ ಕರಗಿಸಿಕೊಂಡ ಲೇಪದಿಂದಲೋ ಎಪಾಕ್ಸಿ ಪುಟ್ಟಿಯಿಂದಲೋ ಆ ಬಿರುಕುಗಳನ್ನು ತುಂಬಿ, ಉಜ್ಜಿ, ನಯಗೊಳಿಸಿದ ಮೇಲೆ ಬಣ್ಣದ ಮಾತು.

ನನ್ನ ಹೆಸರಿಗೆ ತಕ್ಕಂತೆ ಒಂದು ಮಾತು ಸೇರಿಸುತ್ತೇನೆ. ಅಚ್ಚಿನ ಎರಡು ಅರ್ಧಗಳು ಕೂಡುವಲ್ಲಿ ಉಳಿಯುವ ಸಣ್ಣ ಏಣನ್ನು ಚಾಕುವಿನ ಅಲಗಿನ ಹಿಂಬದಿಯಿಂದ ಕೆರೆದು ತೆಗೆಯಿರಿ. ಹರಿತವಾದ ಬದಿ ಪ್ಲಾಸ್ಟಿಕ್ಕನ್ನೇ ಕಚ್ಚುತ್ತದೆ. ಬರಿಗಣ್ಣಿಗೆ ಕಾಣದ ಈ ಗೆರೆ, ಡ್ರೈಬ್ರಶ್ (ಬಹುತೇಕ ಒಣಗಿದ ಕುಂಚದಿಂದ ಉಬ್ಬುಗಳ ಮೇಲೆ ಸವರುವ ಬಣ್ಣ) ಅಥವಾ ವಾಶ್ (ತಗ್ಗುಗಳಿಗೆ ಹರಿಯುವ ನೀರಾದ ಬಣ್ಣ) ಬಿದ್ದೊಡನೆ ಹೆಲ್ಮೆಟ್ಟಿನ ನಟ್ಟನಡುವೆ ಎದ್ದು ನಿಲ್ಲುತ್ತದೆ. ಎಷ್ಟೇ ಒಳ್ಳೆಯ ಬಣ್ಣಗಾರಿಕೆಯೂ ಅದನ್ನು ಮರೆಮಾಚಲಾರದು.

ನಿಮ್ಮ ಸೇನಾನಾಯಕನ ವಿಷಯ ಬೇರೆ. ರೆಸಿನ್‌ಗೆ ಪ್ಲಾಸ್ಟಿಕ್ ಸಿಮೆಂಟ್ ನಾಟುವುದಿಲ್ಲ, ಸೂಪರ್ ಗ್ಲೂ ಬೇಕು. ಅಚ್ಚಿನಿಂದ ಬಿಡಿಸಲು ಬಳಸಿದ ಜಿಡ್ಡು ಉಳಿದಿರುವುದರಿಂದ ಮೊದಲು ಸೋಪು ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತೊಳೆಯಿರಿ. ಕತ್ತಿಯೋ ಕೊಳವೆಯೋ ಡೊಂಕಾಗಿದ್ದರೆ ಬಿಸಿನೀರಿನಲ್ಲಿ ಅದ್ದಿ, ನೆಟ್ಟಗೆ ಮಾಡಿ, ತಣ್ಣೀರಿಗೆ ಹಾಕಿದರೆ ಹಾಗೆಯೇ ನಿಲ್ಲುತ್ತದೆ. ಭಾರವಾದ ತೋಳಿಗೆ ಸಣ್ಣ ಕೈಡ್ರಿಲ್ಲಿನಿಂದ ತೂತು ಕೊರೆದು 1 ಮಿ.ಮೀ. ಹಿತ್ತಾಳೆ ತಂತಿಯ ಮೊಳೆ ಕೊಡಿ.

ಬೂದುಪ್ರೈಮರ್

ಅಂಟಿನ ಬಗ್ಗೆ ಅಚ್ಚುಗೆರೆ ಅವರು ಹೇಳಿದ್ದೆಲ್ಲ ಸರಿ, ಆದರೆ ಅದರಿಂದ ಅವರು ತಲುಪಿದ ತೀರ್ಮಾನಕ್ಕೆ ನನ್ನ ಒಪ್ಪಿಗೆಯಿಲ್ಲ. ಕೀಲಿನ ಮೈಗೆ ಬಣ್ಣ ಬೀಳಬಾರದೆಂದರೆ ಆ ಭಾಗವನ್ನು ಮಾಸ್ಕಿಂಗ್ ಟೇಪಿನಿಂದಲೋ ಗೋಡೆಗೆ ಚಿತ್ರಪಟ ಅಂಟಿಸುವ ಮೆದು ಪುಟ್ಟಿಯಿಂದಲೋ ಮುಚ್ಚಿದರಾಯಿತು. ಅಷ್ಟೂ ಮರೆತರೆ ಕೊನೆಯಲ್ಲಿ ಅಷ್ಟು ಜಾಗವನ್ನು ಕೆರೆದುಕೊಂಡರಾಯಿತು.

ಕುಂಚ ತಲುಪದಲ್ಲಿಗೆ ಕಣ್ಣೂ ತಲುಪದು ಎಂಬ ಮಾತನ್ನು ಮಧ್ಯಯುಗದ ಸೈನಿಕರ ಬಟ್ಟೆಯ ಮಡಿಕೆಗಳಿಗೆ ನಾನೂ ಒಪ್ಪುತ್ತೇನೆ. ಸೈನ್ಸ್ ಫಿಕ್ಷನ್ ಕವಚ ಹಾಗಲ್ಲ. ಅಲ್ಲಿರುವುದು ದೊಡ್ಡ, ನಯವಾದ, ನೇರ ಅಂಚಿನ ಫಲಕಗಳು. ಬಂದೂಕಿನ ಸುತ್ತ ಕುಂಚ ತೂರಿಸುವಾಗ ಪಕ್ಕದ ಫಲಕಕ್ಕೆ ಬಣ್ಣ ತಾಗುತ್ತದೆ, ಅದನ್ನು ತಿದ್ದಲು ಹೋಗಿ ಪದರ ದಪ್ಪವಾಗುತ್ತದೆ, ನಯವಾಗಿದ್ದ ಮೈ ಒರಟಾಗುತ್ತದೆ. ಹಾಗಾಗಿ ನಾನು ಕಾಲು, ಮುಂಡ, ತಲೆಗಳನ್ನು ಒಟ್ಟಿಗೆ ಅಂಟಿಸಿ, ಬಂದೂಕು ಹಿಡಿದ ಎರಡೂ ತೋಳುಗಳನ್ನು ಒಂದೇ ತುಂಡಾಗಿ ಬೇರೆ ಇಟ್ಟುಕೊಳ್ಳುತ್ತೇನೆ. ತೋಳು ಮತ್ತು ಬಂದೂಕು ಒಂದಕ್ಕೊಂದು ಹೊಂದುವುದನ್ನು ಮುಂಡದ ಮೇಲೆ ಇಟ್ಟು ನೋಡಿಯೇ ಅಂಟಿಸಬೇಕು, ಇಲ್ಲದಿದ್ದರೆ ಕೊನೆಯಲ್ಲಿ ಭುಜ ಕೂಡುವುದಿಲ್ಲ. ಬೆನ್ನಿನ ಯಂತ್ರಚೀಲವೂ ಬೇರೆಯೇ. ಇದಕ್ಕಿಂತ ಹೆಚ್ಚು ಬಿಡಿಸುವುದು ಕಾಲಹರಣ ಎಂಬುದನ್ನು ಒಪ್ಪುತ್ತೇನೆ.

ಯುದ್ಧಯಂತ್ರಕ್ಕಂತೂ ಬಿಡಿಭಾಗಗಳ ದಾರಿಯೇ ಸರಿ. ಕಾಲುಗಳು ಬೇಸಿನ (ಪ್ರತಿಮೆ ನಿಲ್ಲುವ ಪೀಠದ) ಮೇಲೆ, ಮುಂಡ ಬೇರೆ, ಆಯುಧಗಳು ಬೇರೆ. ಆಯುಧಗಳ ಬುಡಕ್ಕೆ ನಿಯೋಡಿಮಿಯಮ್ ಅಯಸ್ಕಾಂತಗಳನ್ನು ಕೂರಿಸಿದರೆ ಆಟಕ್ಕೆ ತಕ್ಕಂತೆ ಬದಲಾಯಿಸಬಹುದು. ಎಷ್ಟೋ ಆಟಗಾರರು ಎದುರಾಳಿ ತನ್ನ ಸೇನೆಯ ಪಟ್ಟಿಯಲ್ಲಿ ಬರೆದ ಆಯುಧವೇ ಮಿನಿಯೇಚರಿನ ಕೈಯಲ್ಲೂ ಕಾಣಬೇಕೆಂದು ಬಯಸುತ್ತಾರೆ. ಒಂದೇ ಎಚ್ಚರಿಕೆ: ಅಂಟಿಸುವ ಮೊದಲು ಪ್ರತಿ ಅಯಸ್ಕಾಂತದ ಮೇಲ್ಮೈಗೂ ಪೆನ್ನಿನಿಂದ ಗುರುತು ಹಾಕಿ, ಎಲ್ಲ ಭುಜಗಳಲ್ಲೂ ಒಂದೇ ಧ್ರುವ ಹೊರಮುಖವಾಗಿರುವಂತೆ ನೋಡಿಕೊಳ್ಳಿ.

ಗಾಜಿನ ಮುಚ್ಚಳಕ್ಕೆ ಸೂಪರ್ ಗ್ಲೂ ಬೇಡವೇ ಬೇಡ. ಅದರ ಆವಿ ಪಾರದರ್ಶಕ ಪ್ಲಾಸ್ಟಿಕ್ಕಿನ ಮೇಲೆ ಬಿಳಿಯ ಮಂಜಾಗಿ ಕೂರುತ್ತದೆ. ಚಾಲಕನಿಗೆ ಮೊದಲೇ ಬಣ್ಣ ಹಚ್ಚಿ ಕೂರಿಸಿ, ಮುಚ್ಚಳವನ್ನು ಮರಗೆಲಸದ ಬಿಳಿ ಅಂಟಿನಿಂದ ಕೂಡಿಸಿ. ಒಣಗಿದ ಮೇಲೆ ಅದು ಪಾರದರ್ಶಕವಾಗುತ್ತದೆ.

ಕಿರುಸೇನಾನಿ

ಇಬ್ಬರಿಗೂ ಧನ್ಯವಾದಗಳು. ಬಂದೂಕಿನ ತೋಳುಗಳನ್ನು ಮಾತ್ರ ಬೇರೆ ಇಡುವುದು ನನಗೆ ಹಿಡಿಸಿತು. ಮುಂದಿನ ಪ್ರಶ್ನೆ ಪ್ರೈಮರಿನದು. ನನ್ನ ಸೇನೆಯ ಬಣ್ಣ ಹಳದಿ ಎಂದು ಮನಸ್ಸಿನಲ್ಲಿ ನಿರ್ಧರಿಸಿಯಾಗಿದೆ. ಕಪ್ಪು ಪ್ರೈಮರ್ ಸ್ಪ್ರೇ ಒಂದು ನನ್ನಲ್ಲಿದೆ. ಅದನ್ನೇ ಬಳಸಬಹುದೇ?

ತೆಳುಪದರ

ಕಪ್ಪಿನ ಮೇಲೆ ನೇರವಾಗಿ ಹಳದಿ ಹಚ್ಚಬೇಡಿ. ಹಳದಿ ಮತ್ತು ಕೆಂಪಿಗೆ ಬಳಸುವ ಪ್ರಕಾಶಮಾನವಾದ ಸಾವಯವ ವರ್ಣದ್ರವ್ಯಗಳಲ್ಲಿ ಹೆಚ್ಚಿನವು ಅರೆಪಾರದರ್ಶಕ. ಬಿಳಿಯಲ್ಲಿರುವ ಟೈಟಾನಿಯಮ್ ಡೈಆಕ್ಸೈಡ್‌ನಂತೆಯೋ ಕಾವಿಯಲ್ಲಿರುವ ಕಬ್ಬಿಣದ ಆಕ್ಸೈಡ್‌ನಂತೆಯೋ ಅಡಿಯ ಬಣ್ಣವನ್ನು ಮುಚ್ಚುವ ಶಕ್ತಿ ಅವಕ್ಕಿಲ್ಲ. ಕಪ್ಪಿನ ಮೇಲೆ ಬಿದ್ದ ಹಳದಿ ಪಾಚಿಹಸಿರಾಗಿ ಕಾಣುತ್ತದೆ. ಅದನ್ನು ಮುಚ್ಚಲು ಪದರದ ಮೇಲೆ ಪದರ ಬಳಿಯುತ್ತ ಹೋದರೆ ಕವಚದ ಸೂಕ್ಷ್ಮ ಗೆರೆಗಳು ಹೂತುಹೋಗುತ್ತವೆ.

ಕಪ್ಪು ಸ್ಪ್ರೇಯನ್ನು ಎಸೆಯಬೇಕಿಲ್ಲ. ಮೊದಲು ಎಲ್ಲ ಕಡೆಯಿಂದ ಕಪ್ಪು, ಅದು ಒಣಗಿದ ಮೇಲೆ ಮೇಲಿನಿಂದ ಓರೆಯಾಗಿ ಬಿಳಿ ಸಿಂಪಡಿಸಿ. ನೆತ್ತಿಯ ಮೇಲಿನ ಬೆಳಕು ಬೀಳುವ ಮೈಗಳೆಲ್ಲ ಬೆಳ್ಳಗಾಗಿ, ಕಂಕುಳು ಮತ್ತು ತೊಡೆಯ ಕೆಳಭಾಗಗಳು ಕಪ್ಪಾಗಿಯೇ ಉಳಿಯುತ್ತವೆ. ಇದಕ್ಕೆ ಜೆನಿಥಲ್ ಪ್ರೈಮಿಂಗ್ ಎನ್ನುತ್ತಾರೆ. ಬಣ್ಣ ಹಚ್ಚುವ ಮುನ್ನವೇ ಬೆಳಕು ಎಲ್ಲಿಂದ ಬರುತ್ತಿದೆ ಎಂಬ ನಕಾಶೆ ಸಿಕ್ಕಂತಾಗುತ್ತದೆ. ಅದರ ಮೇಲೆ ತಿಳಿಗುಲಾಬಿ ಅಥವಾ ಜೇನುಕಂದು ಬಣ್ಣದ ಒಂದು ಪದರ, ಆಮೇಲೆ ಹಳದಿಯ ಎರಡು ತೆಳುಪದರ. ಗುಲಾಬಿಯ ಮೇಲೆ ಹಳದಿ ಬೆಚ್ಚಗೆ ಕಾಣುತ್ತದೆ, ಬಿಳಿಯ ಮೇಲೆ ನಿಂಬೆಯ ಕಡೆಗೆ ಜಾರುತ್ತದೆ. ನೆರಳಿಗೆ ಕಪ್ಪು ವಾಶ್ ಬೇಡ, ಕಿತ್ತಳೆ ಬೆರೆಸಿದ ಕಂದು ಸಾಕು. ಅದನ್ನೂ ಇಡೀ ಮೈಗೆ ಸುರಿಯದೆ ಫಲಕಗಳ ನಡುವಿನ ಸಂದುಗಳಿಗೆ ಮಾತ್ರ ಮೊನಚು ಕುಂಚದಿಂದ ಬಿಡಿ. ಸಪಾಟಾದ ಕವಚದ ನಡುವೆ ನಿಂತ ವಾಶ್ ಒಣಗುವಾಗ ಅಂಚಿನಲ್ಲಿ ಉಂಗುರದ ಕಲೆ ಬಿಡುತ್ತದೆ.

ಗೇಮ್ಸ್ ವರ್ಕ್‌ಶಾಪ್ ಎಂಬ ಮಿನಿಯೇಚರ್ ಕಂಪನಿ 2019ರಲ್ಲಿ ಕಾಂಟ್ರಾಸ್ಟ್ ಎಂಬ ಬಣ್ಣಗಳನ್ನು ತಂದ ಮೇಲೆ, ಒಂದೇ ಪದರದಲ್ಲಿ ನೆರಳೂ ಬೆಳಕೂ ಬರುತ್ತದೆಂದು ಅನೇಕರು ಎಲ್ಲಕ್ಕೂ ಅದನ್ನೇ ಬಳಸುತ್ತಾರೆ. ತುಪ್ಪಳ, ಚರ್ಮ, ಬಟ್ಟೆಯ ಮಡಿಕೆಗಳಿಗೆ ಅದು ಸೊಗಸು. ನಿಮ್ಮ ಸೈನಿಕರ ದೊಡ್ಡ ಭುಜಕವಚದ ಮೇಲೆ ಮಾತ್ರ ಮಚ್ಚೆಮಚ್ಚೆಯಾಗಿ ಕೂರುವ ಸಂಭವ ಹೆಚ್ಚು.

ಸ್ಪ್ರೇ ಮಾಡುವಾಗ ಡಬ್ಬಿಯನ್ನು 20ರಿಂದ 30 ಸೆಂ.ಮೀ. ದೂರ ಹಿಡಿದು, ಮಿನಿಯೇಚರಿನ ಆಚೆ ಶುರುಮಾಡಿ ಈಚೆ ನಿಲ್ಲಿಸುವಂತೆ ಸಣ್ಣ ಬೀಸುಗಳಲ್ಲಿ ಸಿಂಪಡಿಸಿ. ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಪ್ರೈಮರ್ ಮಂಜುಮಂಜಾಗಿ ಕೂರುತ್ತದೆ. ಬಿಸಿಲು ತೀಕ್ಷ್ಣವಾಗಿದ್ದರೆ ಹನಿಗಳು ಗಾಳಿಯಲ್ಲೇ ಒಣಗಿ ಮರಳಿನಂತೆ ಅಂಟುತ್ತವೆ. ಎರಡೂ ದಿನಗಳಲ್ಲಿ ಅಚ್ಚುಗೆರೆ ಕೆರೆಯುವ ಕೆಲಸವನ್ನು ಇಟ್ಟುಕೊಳ್ಳುವುದು ಜಾಣತನ.

ಉಕ್ಕಿನಕಾಲು

ಯುದ್ಧಯಂತ್ರದ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಅದನ್ನು ಸೈನಿಕರಂತೆಯೇ ಶುಭ್ರವಾದ ಹಳದಿಯಲ್ಲಿ ಬಿಟ್ಟರೆ ಅದು ಆಟಿಕೆಯಾಗಿಯೇ ಉಳಿಯುತ್ತದೆ; ಸವೆತ, ತುಕ್ಕು, ಧೂಳು ಸೇರಿದಾಗ ಟನ್ನುಗಟ್ಟಲೆ ತೂಕದ ಉಕ್ಕು ಎಂಬ ನಂಬಿಕೆ ಹುಟ್ಟುತ್ತದೆ. ಆದರೆ ಸವೆತ ಹಚ್ಚುವ ಬಹಳ ಮಂದಿ ಅಳತೆಯನ್ನು ಮರೆಯುತ್ತಾರೆ. 28 ಮಿ.ಮೀ. ಮಿನಿಯೇಚರುಗಳನ್ನು ಸಾಮಾನ್ಯವಾಗಿ 1:56ರ ಸುಮಾರಿಗೆ ಲೆಕ್ಕ ಹಾಕುತ್ತಾರೆ. ಹಾಗಾದರೆ ಸವೆತ ತೋರಿಸಲು ನೀವು ಸ್ಪಂಜಿನಿಂದ ಒತ್ತಿದ 1 ಮಿ.ಮೀ. ಅಗಲದ ಚುಕ್ಕೆ ನಿಜದಲ್ಲಿ 5.6 ಸೆಂ.ಮೀ. ಬಣ್ಣ ಕಿತ್ತ ಜಾಗ. ಒಂದು ಬಾಗಿಲಿನ ಮೇಲೆ ಅಂಥ ನಲವತ್ತು ಚುಕ್ಕೆಗಳಿದ್ದರೆ ಆ ಯಂತ್ರವನ್ನು ಯಾರೋ ಸುತ್ತಿಗೆ ಹಿಡಿದು ಬಡಿದಿರಬೇಕು. 1984ರಲ್ಲಿ ಹುಟ್ಟಿದ ಬ್ಯಾಟಲ್‌ಟೆಕ್ ಆಟದ ಯಂತ್ರಗಳು 1:285ರ ಸುಮಾರಿನವು. ಅಲ್ಲಿ ಅದೇ ಚುಕ್ಕೆ 28 ಸೆಂ.ಮೀ. ದಾಟುತ್ತದೆ. ಅಂಥ ಅಳತೆಯಲ್ಲಿ ಚುಕ್ಕೆಗಳನ್ನು ಕೈಬಿಟ್ಟು ಬಣ್ಣ ಮಾಸಿದ ಛಾಯೆಯನ್ನಷ್ಟೇ ತೋರಿಸುವುದು ಲೇಸು.

ಎಲ್ಲಿ ಸವೆಯುತ್ತದೆ ಎಂಬುದೂ ಯೋಚಿಸಬೇಕಾದ ವಿಷಯ. ಚಾಲಕ ಹತ್ತುವ ಮೆಟ್ಟಿಲು, ಹಿಡಿಕೆ, ಬಾಗಿಲಿನ ಅಂಚು, ಮೊಣಕಾಲಿನ ಮುಂಭಾಗ, ನೆಲಕ್ಕೆ ತಾಗುವ ಪಾದ, ಇವು ಸವೆಯುವ ಜಾಗಗಳು. ಯಾರ ಕೈಕಾಲೂ ತಾಗದ ಬೆನ್ನಿನ ನಡುಭಾಗ ಸವೆಯುವುದಿಲ್ಲ. ಅಲ್ಲಿ ಮಳೆನೀರು ಇಳಿದ ಗೆರೆ ಇರಬಹುದು, ಹೊಗೆಕೊಳವೆಯ ಸುತ್ತ ಮಸಿ ಇರಬಹುದು. ಪಾದದ ಧೂಳಿನ ಬಣ್ಣ ಬೇಸಿನ ಮಣ್ಣಿನ ಬಣ್ಣವೇ ಆಗಿರಬೇಕು. ಕೆಂಪು ಮಣ್ಣಿನ ಬೇಸಿನ ಮೇಲೆ ಬೂದು ಧೂಳಿನ ಕಾಲುಗಳನ್ನು ನೋಡಿದಾಗಲೆಲ್ಲ ನನಗೆ ಕಿರಿಕಿರಿಯಾಗುತ್ತದೆ.

ವಿಧಾನಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಹೇರ್‌ಸ್ಪ್ರೇಯದು. ತುಕ್ಕಿನ ಬಣ್ಣ ಹಚ್ಚಿ, ವಾರ್ನಿಶ್‌ನಿಂದ ಭದ್ರಪಡಿಸಿ, ಅದರ ಮೇಲೆ ಹೇರ್‌ಸ್ಪ್ರೇ, ಅದರ ಮೇಲೆ ಅಕ್ರಿಲಿಕ್ ಹಳದಿ. ಹಳದಿ ಒಣಗಿದ ಮೇಲೆ ಹೆಚ್ಚು ಕಾಯದೆ ಒದ್ದೆ ಬ್ರಶ್ಶಿನಿಂದ ಅಂಚುಗಳನ್ನು ಉಜ್ಜಿದರೆ ಅಡಿಯ ಹೇರ್‌ಸ್ಪ್ರೇ ನೀರಿಗೆ ಕರಗಿ ಹಳದಿ ತಾನಾಗಿ ಚಕ್ಕೆ ಏಳುತ್ತದೆ. ಬಿಡಿಸಿದ ಚುಕ್ಕೆಗೂ ನಿಜವಾಗಿ ಕಿತ್ತ ಬಣ್ಣಕ್ಕೂ ಇರುವ ವ್ಯತ್ಯಾಸ ಆಗ ತಿಳಿಯುತ್ತದೆ.

ಅಚ್ಚುಗೆರೆ

ಉಕ್ಕಿನಕಾಲು ಅವರ ಗಣಿತ ಚೆನ್ನಾಗಿದೆ, ಆದರೆ ಆ ಗಣಿತವನ್ನು ಕೊನೆಯವರೆಗೆ ಹಿಡಿದು ಹೋದರೆ ಮಿನಿಯೇಚರೇ ಉಳಿಯುವುದಿಲ್ಲ. ವಾರ್‌ಹ್ಯಾಮರ್ 40,000 ಎಂಬ ಆಟ ಬಂದ 1987ರಿಂದ ಈ ಪ್ರಕಾರದ ಪ್ರತಿಮೆಗಳು ಹೆಚ್ಚಾಗಿ 'ಹೀರೋಯಿಕ್' ಅಳತೆಯವು: ತಲೆ ದೊಡ್ಡದು, ಕೈ ದೊಡ್ಡದು, ಬಂದೂಕಿನ ಕೊಳವೆಯೊಳಗೆ ಮುಷ್ಟಿ ತೂರಿಸಬಹುದು. ದೂರದಿಂದ ಗುರುತು ಸಿಗಲೆಂದೇ ಹೀಗೆ ಉಬ್ಬಿಸಿದ್ದಾರೆ. ಪ್ರತಿ ಫಲಕದ ಅಂಚಿಗೂ ನಾವು ಎಳೆಯುವ ತಿಳಿಬಣ್ಣದ ಗೆರೆ ಕೂಡ ನಿಮ್ಮ ಲೆಕ್ಕದಲ್ಲಿ ಒಂದೆರಡು ಸೆಂಟಿಮೀಟರ್ ಅಗಲದ ಪಟ್ಟಿಯಾಗುತ್ತದೆ, ಯಾವ ಯುದ್ಧ ಟ್ಯಾಂಕಿನ ಮೇಲೂ ಹಾಗಿರುವುದಿಲ್ಲ. ಅದನ್ನು ಒಪ್ಪಿಕೊಂಡ ಕಣ್ಣು ದೊಡ್ಡ ಚುಕ್ಕೆಯನ್ನು ಮಾತ್ರ ಏಕೆ ಒಪ್ಪಬಾರದು?

ಉಕ್ಕಿನಕಾಲು

ನ್ಯಾಯವಾದ ಪ್ರಶ್ನೆ. ಅಂಚಿನ ಗೆರೆ ಆಕಾರವನ್ನು ಓದಲು ನೆರವಾಗುತ್ತದೆ: ಒಂದು ಫಲಕ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎಂಬುದನ್ನು ದೂರದಿಂದಲೂ ಹೇಳುತ್ತದೆ. ಎಲ್ಲೆಂದರಲ್ಲಿ ಒತ್ತಿದ ಚುಕ್ಕೆ ಅದಕ್ಕೆ ತದ್ವಿರುದ್ಧ. ಅದು ಆಕಾರವನ್ನು ಒಡೆಯುತ್ತದೆ, ತೋಳಿನಷ್ಟು ದೂರದಿಂದ ಬರಿಯ ಕೊಳೆಯಾಗಿ ಕಾಣುತ್ತದೆ. ಹಾಗಾಗಿ ಉಬ್ಬಿಸುವುದಕ್ಕೆ ನನ್ನ ವಿರೋಧವಿಲ್ಲ, ಅಂಚಿನ ಉದ್ದಕ್ಕೂ ಸವೆತವನ್ನು ಸ್ವಲ್ಪ ಉಬ್ಬಿಸಿಯೇ ತೋರಿಸಿ. ಫಲಕದ ನಡುಭಾಗವನ್ನು ಮಾತ್ರ ಖಾಲಿ ಬಿಡಿ. ಸೈನಿಕರು ಮತ್ತು ಯಂತ್ರ ಒಂದೇ ಮೇಜಿನ ಮೇಲೆ ನಿಲ್ಲುವಾಗ ಇಬ್ಬರ ಮೇಲಿನ ಸವೆತವೂ ಒಂದೇ ಅಳತೆಯದಾಗಿರಲಿ, ನನ್ನ ಹಟ ಅಷ್ಟೇ.

ಅಚ್ಚುಗೆರೆ

ಅಷ್ಟಾದರೆ ನನ್ನ ತಕರಾರಿಲ್ಲ. ಹೀರೋಯಿಕ್ ಅಳತೆಯಲ್ಲಿ ಅಂಚುಗಳೇ ದಪ್ಪವಾಗಿರುವುದರಿಂದ ಸವೆತಕ್ಕೆ ಜಾಗ ಹುಡುಕಬೇಕಾಗಿಯೂ ಇಲ್ಲ.

ಬೂದುಪ್ರೈಮರ್

ಹೆಲ್ಮೆಟ್ಟಿನ ಕಣ್ಣುಗಾಜು ಮತ್ತು ಪ್ಲಾಸ್ಮಾ ಬಂದೂಕಿನ ಬೆಳಕಿನ ಬಗ್ಗೆ ಯಾರೂ ಬರೆದಿಲ್ಲ, ಈ ಪ್ರಕಾರದ ಗುರುತೇ ಅವು. ಕಣ್ಣುಗಾಜನ್ನು ಮೇಲಿನ ಅರ್ಧದಲ್ಲಿ ಗಾಢವಾಗಿ, ಕೆಳಗಿನ ಅರ್ಧದಲ್ಲಿ ತಿಳಿಯಾಗಿ ಹಚ್ಚಿ, ಮೇಲಿನ ಮೂಲೆಯ ಗಾಢ ಭಾಗದಲ್ಲಿ ಒಂದು ಬಿಳಿ ಚುಕ್ಕೆ ಇಡಿ. ಮೇಲಿನಿಂದ ಬಂದ ಬೆಳಕು ಗಾಜನ್ನು ಹಾದು ಕೆಳಭಾಗವನ್ನು ಬೆಳಗುವುದರಿಂದ ಉಳಿದ ಕವಚದ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ. ಹಳದಿ ಕವಚಕ್ಕೆ ನೀಲಿ ಗಾಜು ಎದ್ದು ಕಾಣುತ್ತದೆ.

ಪ್ಲಾಸ್ಮಾದ ಹೊಳಪನ್ನು ಸುತ್ತಲ ಮೈಗೆ ಬೀಳಿಸುವ ಕೌಶಲವನ್ನು ಬಹಳ ಜನ ಅತಿಯಾಗಿ ಬಳಸುತ್ತಾರೆ. ಬೆಳಕಿನ ಮೂಲವೇ ಎಲ್ಲಕ್ಕಿಂತ ತಿಳಿಯಾಗಿರಬೇಕು, ಬಹುತೇಕ ಬಿಳಿಯೇ. ಅದರಿಂದ ದೂರ ಸರಿದಂತೆ ಬಣ್ಣ ಗಾಢವಾಗುತ್ತ ಬೇಗನೆ ಮಾಯವಾಗಬೇಕು. ಮೂಲಕ್ಕೆ ಮುಖಮಾಡಿದ ಮೈಗಳಿಗೆ ಮಾತ್ರ ಅದು ತಾಗಬೇಕು. ಬಂದೂಕಿನ ಸುತ್ತ ಗೋಲಾಕಾರವಾಗಿ ನೀಲಿ ಸಿಂಪಡಿಸಿದರೆ ಬೆಳಕು ಬಿದ್ದಂತಾಗುವುದಿಲ್ಲ, ಬಣ್ಣ ಚೆಲ್ಲಿದಂತಾಗುತ್ತದೆ. ಹಗಲಿನಂತೆ ಬೆಳಗಿದ ಹಳದಿ ಸೈನಿಕನ ಮೇಲೆ ಯಾವ ಹೊಳಪೂ ಮನವರಿಕೆಯಾಗುವುದಿಲ್ಲ. ನಿಮ್ಮ ಸೇನೆಗೆ ಪ್ಲಾಸ್ಮಾ ಬಂದೂಕಿನ ಮೇಲಿನ ಸುರುಳಿಗಳಲ್ಲಿನ ಬೆಳಕು ಸಾಕು, ಕವಚದ ಮೇಲಿನದನ್ನು ಬಿಟ್ಟುಬಿಡಿ. ಅಂದಹಾಗೆ, ಬಂದೂಕಿನ ತೋಳುಗಳನ್ನು ಬೇರೆ ಇಟ್ಟವರಿಗೆ ಈ ಸುರುಳಿಗಳನ್ನು ಹಚ್ಚುವುದು ಎಷ್ಟು ಸಲೀಸು ಎಂದು ಅಚ್ಚುಗೆರೆ ಅವರಿಗೆ ನೆನಪಿಸಲೇಬೇಕು.

ಕಿರುಸೇನಾನಿ

ಹೊಳಪನ್ನು ಕೈಬಿಟ್ಟೆ. ಇನ್ನೊಂದು ವಿಷಯ: ಗೆಳೆಯರೊಬ್ಬರು ತಮ್ಮ ರೆಸಿನ್ 3ಡಿ ಪ್ರಿಂಟರಿನಲ್ಲಿ ಬೇಸುಗಳನ್ನೂ ಯಂತ್ರಕ್ಕೆ ಬದಲಿ ಆಯುಧಗಳನ್ನೂ ಮುದ್ರಿಸಿ ಕೊಡುವೆನೆಂದಿದ್ದಾರೆ. ಎರಕದ ರೆಸಿನ್‌ಗೆ ಹೇಳಿದ ಮಾತೇ ಇದಕ್ಕೂ ಅನ್ವಯಿಸುತ್ತದೆಯೇ?

ರಾಳದತೊಟ್ಟಿ

ಅಂಟು ಮತ್ತು ಪ್ರೈಮರಿನ ಮಟ್ಟಿಗೆ ಹೌದು, ಉಳಿದಂತೆ ಇಲ್ಲ. ಪ್ರಿಂಟರಿನ ರೆಸಿನ್ ಬೆಳಕಿಗೆ ಗಟ್ಟಿಯಾಗುವ ದ್ರವ. ಹೆಚ್ಚಿನ ಯಂತ್ರಗಳು 405 ನ್ಯಾನೋಮೀಟರ್ ಬೆಳಕಿನಿಂದ ಪದರ ಪದರವಾಗಿ, ಸಾಮಾನ್ಯವಾಗಿ 0.05 ಮಿ.ಮೀ.ನಷ್ಟು ತೆಳುವಾಗಿ, ಅದನ್ನು ಗಟ್ಟಿಗೊಳಿಸುತ್ತವೆ. ತೊಟ್ಟಿಯಿಂದ ಹೊರಬಂದ ತುಂಡು ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೊಳೆದು, ಒಣಗಿಸಿ, ಯು.ವಿ. ಬೆಳಕಿನಲ್ಲಿ ಇಡಬೇಕು. ಗಟ್ಟಿಯಾಗದ ರೆಸಿನ್ ಚರ್ಮಕ್ಕೆ ಮತ್ತೆ ಮತ್ತೆ ತಾಗಿದರೆ ಅಲರ್ಜಿ ಹುಟ್ಟಬಹುದು, ಒಮ್ಮೆ ಹುಟ್ಟಿದ ಅಲರ್ಜಿ ಸಾಮಾನ್ಯವಾಗಿ ಬಿಟ್ಟುಹೋಗುವುದಿಲ್ಲ. ಆದ್ದರಿಂದ ಮೈ ಜಿಗುಟಾಗಿರುವ ತುಂಡುಗಳನ್ನು ನೈಟ್ರೈಲ್ ಕೈಗವಸಿಲ್ಲದೆ ಮುಟ್ಟಬೇಡಿ, ಗೆಳೆಯರಿಗೇ ಹಿಂದಿರುಗಿಸಿ ಮತ್ತೆ ತೊಳೆಸಿ.

ದೊಡ್ಡ ಆಯುಧವನ್ನು ಟೊಳ್ಳಾಗಿ ಮುದ್ರಿಸಿದ್ದರೆ ಬಸಿಯುವ ತೂತು ಇದೆಯೇ ಎಂದು ನೋಡಿಕೊಳ್ಳಿ. ಒಳಗೆ ಸಿಕ್ಕಿಕೊಂಡ ದ್ರವ ರೆಸಿನ್ ಎಷ್ಟೋ ಕಾಲದ ಮೇಲೆ, ನೀವು ಬಣ್ಣ ಹಚ್ಚಿ ಮುಗಿಸಿದ ಮೇಲೆಯೇ, ಗೋಡೆಯನ್ನು ಸೀಳಿಕೊಂಡು ಹೊರಬರುತ್ತದೆ. ಉಜ್ಜುವುದಿದ್ದರೆ ನೀರು ಹಚ್ಚಿ ಉಜ್ಜಿ, ಮುಖಕ್ಕೆ ಧೂಳಿನ ಮಾಸ್ಕ್ ಇರಲಿ. ಎರಕದ ರೆಸಿನ್‌ಗೂ ಇದು ಅನ್ವಯಿಸುತ್ತದೆ. ಸಾಮಾನ್ಯ ಪ್ರಿಂಟ್ ರೆಸಿನ್ ಪಾಲಿಸ್ಟೈರೀನಿಗಿಂತ ಬೇಗ ಮುರಿಯುತ್ತದೆ. ಉದ್ದವಾದ ತೆಳು ಕೊಳವೆಯ ಆಯುಧಗಳನ್ನು ಬಗ್ಗುವ ರೆಸಿನ್ ಬೆರೆಸಿ ಮುದ್ರಿಸಲು ಕೇಳಿಕೊಳ್ಳಿ.

ಕಿರುಸೇನಾನಿ

ಕೊನೆಯ ಪ್ರಶ್ನೆ. ಭುಜಕವಚಕ್ಕೆ ದಳದ ಚಿಹ್ನೆಯ ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರಪೊರೆ) ಕೊಟ್ಟಿದ್ದಾರೆ. ಆ ಭುಜ ಗುಮ್ಮಟದಂತೆ ಉಬ್ಬಿದೆ, ಡೆಕಾಲ್ ಸಪಾಟು. ಸುಕ್ಕು ಬಾರದಂತೆ ಕೂರಿಸುವುದು ಹೇಗೆ, ಮತ್ತು ಸವೆತದ ಮೊದಲೋ ಆಮೇಲೋ?

ತೆಳುಪದರ

ಖಂಡಿತ ಸವೆತದ ಮೊದಲು. ಬಣ್ಣವೇ ಕಿತ್ತುಹೋದ ಕವಚದ ಮೇಲೆ ಚಿಹ್ನೆ ಮಾತ್ರ ಹೊಸದಾಗಿದ್ದರೆ ಉಕ್ಕಿನಕಾಲು ಅವರ ನಿದ್ದೆ ಕೆಡುತ್ತದೆ.

ಮ್ಯಾಟ್ (ಹೊಳಪಿಲ್ಲದ) ಬಣ್ಣದ ಒರಟು ಮೈಮೇಲೆ ಡೆಕಾಲ್ ಕೂರಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡು ಬೆಳ್ಳನೆಯ ಮಿನುಗು ಕಾಣುತ್ತದೆ. ಹಾಗಾಗಿ ಮೊದಲು ಭುಜಕ್ಕೆ ಗ್ಲಾಸ್ (ಹೊಳಪಿನ) ವಾರ್ನಿಶ್ ಹಚ್ಚಿ ಒಣಗಲು ಬಿಡಿ. ಡೆಕಾಲನ್ನು ಚಿಹ್ನೆಯ ಅಂಚಿಗೆ ಆದಷ್ಟು ಹತ್ತಿರವಾಗಿ ಕತ್ತರಿಸಿ, ಹೊರ ಅಂಚಿನಿಂದ ಒಳಮುಖವಾಗಿ ಮೂರು ನಾಲ್ಕು ಕಡೆ ಸಣ್ಣ ಸೀಳು ಕೊಡಿ. ನೀರಿನಲ್ಲಿ ನೆನೆಸಿ, ಕಾಗದದಿಂದ ಜಾರಿಸಿ, ಜಾಗಕ್ಕೆ ತಂದು, ಒದ್ದೆ ಕುಂಚದಿಂದ ನಡುವಿನಿಂದ ಹೊರಕ್ಕೆ ಒತ್ತಿ. ಆಮೇಲೆ ಡೆಕಾಲ್ ಮೆದುಗೊಳಿಸುವ ದ್ರಾವಣವನ್ನು ಮೇಲೆ ಹಚ್ಚಿದರೆ ಅದು ಮೊದಲು ಮುದುಡಿದಂತೆ ಕಂಡು, ಒಣಗುವಾಗ ತಾನಾಗಿ ಉಬ್ಬಿಗೆ ಅಂಟಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಬೆರಳಿಟ್ಟರೆ ಹರಿಯುತ್ತದೆ. ಸುಕ್ಕು ಉಳಿದರೆ ಮೊನಚು ಅಲಗಿನಿಂದ ಸುಕ್ಕಿನ ಉದ್ದಕ್ಕೆ ಸೀಳಿ ಮತ್ತೊಮ್ಮೆ ದ್ರಾವಣ ಹಚ್ಚಿ.

ಒಣಗಿದ ಡೆಕಾಲಿನ ಮೇಲೆ ಇನ್ನೊಂದು ಪದರ ಗ್ಲಾಸ್. ಅದರ ಮೇಲೆ, ಬೇಕೆನಿಸಿದರೆ, ವೈಟ್ ಸ್ಪಿರಿಟ್‌ನಲ್ಲಿ ತೆಳುಮಾಡಿದ ಕಂದು ತೈಲವರ್ಣವನ್ನು ಸಂದುಗಳಿಗೆ ಮುಟ್ಟಿಸಿ. ನಯವಾದ ಮೈಮೇಲೆ ಅದು ತಾನಾಗಿ ಗೆರೆಯುದ್ದಕ್ಕೂ ಹರಿಯುತ್ತದೆ, ಹೊರಗೆ ಹರಡಿದ್ದನ್ನು ಒರೆಸಿ ತೆಗೆಯಬಹುದು. ಸೈನಿಕರಿಗೂ ಯಂತ್ರಕ್ಕೂ ಸ್ಪಂಜಿನ ಸವೆತ ಇದರ ನಂತರ, ಚಿಹ್ನೆಯ ಮೇಲೂ ಒಂದೆರಡು ಕಡೆ ತಾಗುವಂತೆ. ಹೇರ್‌ಸ್ಪ್ರೇ ವಿಧಾನ ಆರಿಸಿದರೆ ಮಾತ್ರ ಯಂತ್ರದ ಚಕ್ಕೆಗಳನ್ನು ಡೆಕಾಲಿಗೂ ಮೊದಲೇ ಎಬ್ಬಿಸಿಕೊಳ್ಳಬೇಕು, ಏಕೆಂದರೆ ಗ್ಲಾಸ್ ಬಿದ್ದ ಮೇಲೆ ನೀರು ಒಳಗಿಳಿಯುವುದಿಲ್ಲ; ಆಗ ಚಿಹ್ನೆಯ ಮೇಲೆ ಕುಂಚದಿಂದ ಒಂದೆರಡು ಗೀರು ಎಳೆದರಾಯಿತು. ಬಂದೂಕಿನ ತೋಳುಗಳನ್ನು ಅಂಟಿಸುವುದು ಈ ಹಂತದಲ್ಲಿ. ಅವೂ ಕೂಡಿದ ಮೇಲೆ ಇಡೀ ಮೈಗೆ ಮ್ಯಾಟ್ ವಾರ್ನಿಶ್ ಸಿಂಪಡಿಸಿ, ಯಂತ್ರದ ಮುಚ್ಚಳವನ್ನು ಮಾತ್ರ ಆ ಹೊತ್ತಿಗೆ ಟೇಪಿನಿಂದ ಮುಚ್ಚಿಡಿ. ಪಾದಗಳಿಗೆ ಧೂಳಿನ ಪುಡಿಬಣ್ಣ ಕೊಡುವುದಿದ್ದರೆ ವಾರ್ನಿಶ್ ಆದ ಮೇಲೆಯೇ ಕೊಡಿ, ಮೊದಲೇ ಕೊಟ್ಟದ್ದು ವಾರ್ನಿಶ್‌ನಲ್ಲಿ ನೆನೆದು ಮಾಯವಾಗುತ್ತದೆ. ಕಣ್ಣುಗಾಜುಗಳಿಗೆ ಕೊನೆಯಲ್ಲಿ ಮತ್ತೆ ಒಂದು ತೊಟ್ಟು ಗ್ಲಾಸ್ ಮುಟ್ಟಿಸಿದರೆ ಮ್ಯಾಟ್ ಕವಚದ ನಡುವೆ ಅವು ಮಾತ್ರ ಹೊಳೆಯುತ್ತವೆ.